ಮಾಯಪ್ಪನ ಇಂಜಿನ್, ನನ್ನ ಚಾರ್ಟ್

ಮೊದಲು ಹ್ಯಾಂಡಲ್ ತನ್ನ ಹಲ್ಲಿಗೆ ಸಿಕ್ಕಿಕೊಳ್ಳುವ ಸಣ್ಣ ‘ಕಟಕ್’. ಆಮೇಲೆ ಗಾಳಿ ಎಳೆದು ಬಿಡುವ ‘ಹುಸ್, ಹುಸ್’. ತಿರುಗಿಸುವವನ ಕೈ ಜೋರಾದಂತೆ ಅದೂ ಜೋರಾಗುತ್ತಿತ್ತು. ಕೊನೆಗೆ ಮೇಲಿನ ಲಿವರ್ ಕೆಡವಿದಾಗ ಒಂದು ಕ್ಷಣ ಏನೂ ಇಲ್ಲ. ಆ ಒಂದು ಕ್ಷಣ ಶಿವಕ್ಕ ಒಲೆಯ ಮುಂದೆ, ನಾನು ಮಾವನವರ ಮಂಚದ ಪಕ್ಕ, ಇದ್ದಲ್ಲೇ ನಿಂತುಬಿಡುತ್ತಿದ್ದೆವು. ಆಮೇಲೆ ‘ಡುಗ್’. ಸ್ವಲ್ಪ ಬಿಟ್ಟು ಇನ್ನೊಂದು ‘ಡುಗ್’. ಬಲ್ಬು ಮೊದಲು ಕೆಂಪಗೆ, ಆಮೇಲೆ ಹಳದಿಯಾಗಿ, ಆಮೇಲೆ ಬೆಳ್ಳಗೆ.

ಈಗ ನಾನಿರುವ ಕೊಲ್ಲಾಪುರದ ಫ್ಲ್ಯಾಟಿನಲ್ಲಿ ಕರೆಂಟು ಹೋದರೆ ಹತ್ತು ಎಣಿಸುವುದರೊಳಗೆ ಬಿಲ್ಡಿಂಗಿನ ಜನರೇಟರ್ ತಾನಾಗಿ ಶುರುವಾಗುತ್ತದೆ. ಯಾರೂ ತಲೆ ಎತ್ತಿ ನೋಡುವುದಿಲ್ಲ. ಹೋದ ವಾರ ಕೆಳಗೆ ಪಾರ್ಕಿಂಗಿನಲ್ಲಿ ಅದನ್ನು ಬಿಚ್ಚಿ ಸರ್ವಿಸ್ ಮಾಡುತ್ತಿದ್ದರು. ಲಿಫ್ಟಿನ ಬಾಗಿಲು ತೆರೆಯುತ್ತಲೇ ಹಸಿ ಡೀಸೆಲ್ ವಾಸನೆ ಮುಖಕ್ಕೆ ಬಡಿಯಿತು. ಪಕ್ಕದಲ್ಲಿ ಒಬ್ಬ ರಿಜಿಸ್ಟರ್ ಹಿಡಿದುಕೊಂಡು, ಮಷೀನಿನ ಕಡೆ ನೋಡದೆಯೇ ಒಂದಾದ ಮೇಲೊಂದು ಟಿಕ್ ಹಾಕುತ್ತ ನಿಂತಿದ್ದ. ನಾನು ತರಕಾರಿಗೆ ಹೊರಟವಳು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಗಡಹಿಂಗ್ಲಜದ ಆ ಒಂದು ಮಳೆಗಾಲ, ಜಸ್ಟ್ ಲೈಕ್ ದಟ್, ಎದುರಿಗೆ ಬಂದು ನಿಂತಿತು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಎಪ್ಪತ್ತರ ದಶಕದಲ್ಲಿ ಗಡಿಯಾಚೆಯ ಗಡಹಿಂಗ್ಲಜಕ್ಕೆ ಸೊಸೆಯಾಗಿ ಬಂದೆ. ಮೆಣಸಿನಕಾಯಿ, ಬೆಲ್ಲದ ಅಡತಿ ವ್ಯಾಪಾರದ ಮನೆ. ಮಾತೆಲ್ಲ ಕನ್ನಡ, ಲೆಕ್ಕ ಮತ್ತು ಬೈಗುಳ ಮರಾಠಿ. ಅತ್ತೆ ಆಗಲೇ ತೀರಿಕೊಂಡಿದ್ದರು. ಮಕ್ಕಳು ಬೆಳಗಾವಿಯ ಹಾಸ್ಟೆಲಿನಲ್ಲಿ. ಮನೆಯಲ್ಲಿ ಮಾವನವರು, ನಮ್ಮ ಯಜಮಾನರು, ನಾನು, ಅಡುಗೆಯ ಶಿವಕ್ಕ, ಇಷ್ಟೇ ಜನ.

ಎಂಬತ್ತರ ದಶಕ ಶುರುವಾದ ಹೊಸತರಲ್ಲಿ ಮಾವನವರ ಗಂಟಲಿಗೆ ಕೆಟ್ಟ ಬೇನೆ ಬಂತು. ಮಿರಜಿನಲ್ಲಿ ಆಪರೇಷನ್ ಆಯಿತು. ಓಣಿಯ ತುದಿಗೆ ಕೇಳುವಂಥ ದನಿಯಿದ್ದ ಮನುಷ್ಯ ಗಂಟಲಲ್ಲಿ ಒಂದು ತೂತು, ಅದರಲ್ಲಿ ಲೋಹದ ನಳಿಕೆ ಇಟ್ಟುಕೊಂಡು ಮನೆಗೆ ಬಂದರು. ಮಾತು ನಿಂತಿತು. ಕೈಗೊಂದು ಪಾಟಿ, ಬಳಪ ಕೊಟ್ಟೆವು. ಉಸಿರೆಲ್ಲ ಆ ನಳಿಕೆಯಿಂದಲೇ. ದಿನಕ್ಕೆ ಐದಾರು ಸಲ ಅದರೊಳಗೆ ಕಫ ಕಟ್ಟುತ್ತಿತ್ತು. ಕರೆಂಟಿನ ಸಕ್ಷನ್ ಮಷೀನಿಗೆ ಸಣ್ಣ ರಬ್ಬರಿನ ನಳಿಗೆ ಸಿಕ್ಕಿಸಿ ಎಳೆದು ತೆಗೆಯಬೇಕು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: “ಮಷೀನ್ ನಡಿಲಿಲ್ಲಂದ್ರ ಉಸಿರು ನಡಿಯೂದಿಲ್ಲ. ಕರೆಂಟಿನ ವ್ಯವಸ್ಥಾ ಮೊದಲ ಮಾಡ್ರಿ, ಆಮ್ಯಾಲ ಮನಿಗೆ ಕರಕೊಂಡ ಹೋಗ್ರಿ.” ಕಾಲಲ್ಲಿ ತುಳಿಯುವ ಒಂದು ಮಷೀನನ್ನೂ ಕೊಟ್ಟಿದ್ದರು. ಅದರ ರಬ್ಬರು ಮೊದಲ ತಿಂಗಳೇ ಸೀಳಿತು. ಹೊಸ ರಬ್ಬರು ಕೊನೆಯವರೆಗೂ ಸಿಗಲಿಲ್ಲ.

ಆ ದಿನಗಳಲ್ಲಿ ನಮ್ಮ ಊರಿನ ಕರೆಂಟನ್ನು ನಂಬುವುದೆಂದರೆ ಗಾಳಿಯನ್ನು ಗಂಟು ಕಟ್ಟಿದಂತೆ. ಹೀಗಾಗಿ ಜನರೇಟರ್ ಕೊಳ್ಳಲು ನಾವಿಬ್ಬರೂ ಕೊಲ್ಲಾಪುರಕ್ಕೆ ಹೊರಟೆವು. ಹೊರಡುವಾಗ ಮಾವನವರು ಪಾಟಿಯ ಮೇಲೆ ಬರೆದು ತೋರಿಸಿದರು: “ಮಾಯಪ್ಪನ್ನ ಕರಕೊಂಡ ಹೋಗ್ರಿ. ಅಂವ ಅಂದದ್ದ ತರ್ರಿ.”

ಮಾಯಪ್ಪ ಧನಗರರವನು. ಅಪ್ಪ ಅಜ್ಜ ಕುರಿ ಕಾದವರು. ಇವನಿಗೆ ಮಾತ್ರ ಇಂಜಿನ್ ಹುಚ್ಚು. ಸುತ್ತಲಿನ ಬಾವಿಗಳ ಮೇಲಿನ ಆಯಿಲ್ ಇಂಜಿನ್ನುಗಳನ್ನೆಲ್ಲ ಅವನೇ ನೋಡಿಕೊಳ್ಳುತ್ತಿದ್ದ. ನಮ್ಮ ಹೊಲದ್ದನ್ನೂ ಅವನೇ. ಮೂವತ್ತೈದರ ವಯಸ್ಸು, ಹೆಗಲ ಮೇಲೆ ಮಳೆಗಾಲ ಬೇಸಿಗೆ ಎನ್ನದೆ ಒಂದು ಕರಿ ಕಂಬಳಿ. ಎದುರಿಗಿದ್ದವರ ಮುಖ ನೋಡದೆ, ಅವರ ಹಿಂದಿನ ಗೋಡೆ ನೋಡಿ ಮಾತಾಡುವ ಅಭ್ಯಾಸ. ಐ ನೆವರ್ ಲೈಕ್ಡ್ ಇಟ್. ಕಣ್ಣು ತಪ್ಪಿಸುವವರನ್ನು ನಂಬಬೇಡ ಎಂದು ನಮಗೆ ಕಲಿಸಿದ್ದರು.

ಅಂಗಡಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದು ಪುಟ್ಟ ಪೆಟ್ರೋಲ್ ಸೆಟ್. ಕೆಂಪು ಬಣ್ಣ, ಹಿಡಿಕೆ ಇರುವ ಸೂಟ್‌ಕೇಸಿನಂತೆ ಅಚ್ಚುಕಟ್ಟು. ಅಂಗಡಿಯವನು ಮರಾಠಿಯಲ್ಲಿ ಹೊಗಳುತ್ತಿದ್ದ: “ವೈನಿ, ದೋರಿ ಓಢಲೀ ಕೀ ಚಾಲೂ. ಬಾಯಕಾ-ಮಾಣಸಾಂಸಾಠೀಚ ಆಹೇ.” ಹಗ್ಗ ಎಳೆದರೆ ಶುರುವಾಗುತ್ತದೆ, ಹೆಂಗಸರಿಗೆಂದೇ ಮಾಡಿದ್ದು ಎಂದು.

ಮಾಯಪ್ಪ ಗೋಡೆಗೆ ಕೇಳಿದ: “ಒಂದ ದಮ್ಮಿಗೆ ಎಷ್ಟ ತಾಸ ಓಡತೈತ್ರಿ?”

“ದೋನ ತಾಸ. ಮಗ ಜರಾ ಥಂಡ ಹೋವೂ ದ್ಯಾಯಚಂ.” ಎರಡು ತಾಸು, ಆಮೇಲೆ ಸ್ವಲ್ಪ ತಣ್ಣಗಾಗಲು ಬಿಡಬೇಕಂತೆ.

“ಅಕ್ಕಾರ,” ಎಂದ ಮಾಯಪ್ಪ ನನಗೆ, “ಇದು ಲಗ್ನದ ಮನ್ಯಾಗ ಲೈಟ್ ಹಚ್ಚಾಕ ಚಲೋ ಐತಿ. ಸಾವಕಾರ್ರ ಉಸರಿಗೆ ಬ್ಯಾಡ.”

ಆಮೇಲೆ ಅವನು ಅಂಗಡಿಯ ಹಿಂದಿನ ಕತ್ತಲಲ್ಲಿ ಬಿದ್ದಿದ್ದ ಒಂದು ದಪ್ಪ ಇಂಜಿನ್ ಹತ್ತಿರ ಹೋದ. ಗೋಕುಳ ಶಿರಗಾಂವದಲ್ಲಿ ಎರಕ ಹೊಯ್ದದ್ದು, ಐದು ಹಾರ್ಸ್‌ಪವರಿನದು, ನಿಧಾನ ಓಡುವ ಡೀಸೆಲ್. ಎರಡು ದೊಡ್ಡ ಚಕ್ರ, ಪಕ್ಕದಲ್ಲಿ ಬೆಲ್ಟಿನಿಂದ ತಿರುಗುವ ಡೈನಮೊ. ಅದನ್ನು ಶುರು ಮಾಡಿಸಿದ. ದೊಡ್ಡ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಆನಿಸಿ, ಹಿಡಿಕೆಯನ್ನು ಕಿವಿಗೊತ್ತಿಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತ. ಡಾಕ್ಟರು ಎದೆ ನೋಡಿದ ಹಾಗೆ. ಆಮೇಲೆ ಒಂದು ನಾಣ್ಯವನ್ನು ಅದರ ತಲೆಯ ಮೇಲೆ ಅಂಚಿನ ಮೇಲೆ ನಿಲ್ಲಿಸಿದ. ಇಂಜಿನ್ ಓಡುತ್ತಲೇ ಇತ್ತು, ನಾಣ್ಯ ಬೀಳಲಿಲ್ಲ. “ಇದನ್ನ ತಗೊಳ್ರಿ,” ಎಂದ.

ನಾನು ಹೇರ್‌ಪಿನ್ ತೆಗೆದು ಅದರ ಹಸಿರು ಬಣ್ಣವನ್ನು ಒಂದು ಕಡೆ ಕೆರೆದೆ. ಕೆಳಗೆ ಇನ್ನೊಂದು ಬಣ್ಣ ಇತ್ತು, ಬೂದಿಯದು. “ನೋಡ್ರಿ, ಹಳೇ ಮಾಲಿಗೆ ಹೊಸಾ ಪೇಂಟ್ ಹೊಡದಾರ,” ಎಂದೆ ಯಜಮಾನರಿಗೆ.

“ಅದು ಅಸ್ತರ ಬಣ್ಣಾರಿ ಅಕ್ಕಾರ,” ಎಂದ ಮಾಯಪ್ಪ. “ನಿಮ್ಮ ಮನಿ ಕಿಡಕೀನೂ ಕೆರದ ನೋಡ್ರಿ, ಬ್ಯಾರೇದ ಬರತೈತಿ.”

ಯಜಮಾನರು ನಕ್ಕರು. ನಾನು ನಗಲಿಲ್ಲ. ಅಂಗಡಿಯವನು ಮಾಯಪ್ಪನಿಗೆ ಎರಡು ಸಲ ಚಹಾ ಕೊಡಿಸಿದ್ದ, ನಮಗೆ ಒಂದೇ ಸಲ. ಅದು ನನ್ನ ತಲೆಯಲ್ಲಿ ಕೂತಿತು. ಊರಿಗೆ ಬರುವಾಗ ಬಸ್ಸಿನಲ್ಲಿ, “ಕಮಿಷನ್ ಇರಬೇಕು,” ಎಂದೆ. “ಇದ್ರ ಇರಲಿ, ಅಪ್ಪಾ ಹೇಳ್ಯಾರಲ್ಲ,” ಎಂದು ಯಜಮಾನರು ಕಣ್ಣು ಮುಚ್ಚಿದರು.

ಹಿತ್ತಲಲ್ಲಿ ತಗಡಿನ ಶೆಡ್ ಹಾಕಿಸಿ, ಕಾಂಕ್ರೀಟ್ ಹಾಕಿ ನಾಲ್ಕು ಬೋಲ್ಟು ನಿಲ್ಲಿಸಿದ ಮಾಯಪ್ಪ, ಸಿಮೆಂಟ್ ಪೂರ್ತಿ ಗಟ್ಟಿಯಾಗುವ ತನಕ ಇಂಜಿನ್ನನ್ನು ಅದರ ಮೇಲೆ ಇಡಗೊಡಲಿಲ್ಲ. ದಿನಾ ಬಂದು ನೀರು ಹೊಡೆದು, ಬೆರಳಿನಿಂದ ಬಡಿದು ಕೇಳಿ ಹೋಗುತ್ತಿದ್ದ. ಕೂರಿಸಿದ ದಿನ ನನಗೆ ಮೂರು ಮಾತು ಹೇಳಿದ. ಡೀಸೆಲ್ ತುಂಬುವ ಟಾಕಿ ಯಾವಾಗಲೂ ಕುತ್ತಿಗೆವರೆಗೆ ತುಂಬಿರಬೇಕು. ಕರೆಂಟು ಹೋಗಲಿ ಬಿಡಲಿ, ವಾರಕ್ಕೊಮ್ಮೆ ಅರ್ಧ ತಾಸು, ಮನೆಯ ಎಲ್ಲ ದೀಪ ಹಚ್ಚಿ ಇಂಜಿನ್ ಓಡಿಸಬೇಕು. ತಿಂಗಳಿಗೊಮ್ಮೆ ಟಾಕಿಯ ಅಡಿಯ ಸ್ಕ್ರೂ ಬಿಚ್ಚಿ ಒಂದು ಬಟ್ಟಲು ಚೆಲ್ಲಬೇಕು.

ಮೊದಲ ಸಲ ಹಾಗೆ ಓಡಿಸಿದಾಗ ಹೊಗೆ ಹಿಂದಿನ ಕಿಟಕಿಯಿಂದ ಮಾವನವರ ಕೋಣೆಗೆ ನುಗ್ಗಿತು. ಮೂಗಿನಿಂದ ಉಸಿರಾಡುವವರಾದರೆ ಕರವಸ್ತ್ರ ಹಿಡಿದುಕೊಳ್ಳಬಹುದು. ಗಂಟಲಿನ ತೂತಿಗೆ ಏನು ಹಿಡಿಯುವುದು? ಅವರ ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಅವತ್ತೇ ಆರ್ಡರ್ ಮಾಡಿದೆ: “ಕರೆಂಟ್ ಇದ್ದಾಗ ಇಂಜಿನ್ ಹಚ್ಚಬಾರದು, ಮಾಯಪ್ಪ.”

“ನಿಂತ ಇಂಜಿನ್ ಕೆಡತೈತ್ರಿ.”

“ಹೊಸಾದು ಯಾಕ ಕೆಡತೈತಿ?”

“ಹೊಸಾ ಎತ್ತ ಆದ್ರೂ, ಕಟ್ಟೇ ಇಟ್ರ ಕಾಲ ಹಿಡೀತಾವ್ರಿ.”

“ನನ್ನ ಮುಂದ ಎತ್ತಿನ ಫಿಲಾಸಫಿ ಬ್ಯಾಡ,” ಎಂದೆ.

ಆಮೇಲೆ ಕಾನ್ವೆಂಟಿನ ಹುಡುಗಿ ಮಾಡುವಂಥದ್ದನ್ನೇ ಮಾಡಿದೆ. ಒಂದು ಚಾರ್ಟ್ ಬರೆದೆ. ಸ್ಕೇಲಿನಿಂದ ಗೆರೆ ಎಳೆದು, ಕನ್ನಡದಲ್ಲಿ ಒಂದು ಸಾಲು, ಇಂಗ್ಲಿಷಿನಲ್ಲಿ ಒಂದು ಸಾಲು. ಇಂಜಿನ್ ಓಡಿದೆಯೆ, ಡೀಸೆಲ್ ಹಾಕಿದೆಯೆ, ಆಯಿಲ್ ಬದಲಿಸಿದೆಯೆ, ಗಾಳಿಯ ಫಿಲ್ಟರ್ ತೊಳೆದೆಯೆ, ಬೆಲ್ಟು ಬಿಗಿ ಮಾಡಿದೆಯೆ. ದಿನಕ್ಕೊಂದು ಸಾಲು, ಆದದ್ದಕ್ಕೆ ಟಿಕ್. ಶೆಡ್ಡಿನ ಬಾಗಿಲಿಗೆ ಅಂಟಿಸಿ, ದಾರಕ್ಕೆ ಪೆನ್ಸಿಲ್ ಕಟ್ಟಿ, “ದಿನಾ ಬಂದಾಗ ಇಲ್ಲಿ ಟಿಕ್ ಹಾಕು,” ಎಂದು ಮಾಯಪ್ಪನಿಗೆ ತೋರಿಸಿದೆ. ಅವನು ಚಾರ್ಟಿನ ಹಿಂದಿನ ಬಾಗಿಲನ್ನು ನೋಡುತ್ತ, “ಹೂಂನ್ರಿ,” ಎಂದ.

ಮೊದಲ ವಾರದ ಕೊನೆಗೆ ಚಾರ್ಟ್ ನೋಡಿದೆ. ಪ್ರತಿ ದಿನ, ಪ್ರತಿ ಕಾಲಮ್ಮಿನಲ್ಲಿ ಟಿಕ್. ಏಳು ದಿನದಲ್ಲಿ ಏಳು ಸಲ ಆಯಿಲ್ ಬದಲಿಸಿದ್ದ. ಏಳು ಸಲ ಬೆಲ್ಟು ಬಿಗಿ ಮಾಡಿದ್ದ. ಕರೆಂಟು ಹೋಗದೇ ಇದ್ದ ದಿನವೂ ಇಂಜಿನ್ ಓಡಿದೆ ಎಂದಿತ್ತು. ಸುಳ್ಳು ಹೇಳುವವನು ಇಷ್ಟು ದಡ್ಡತನದಿಂದ ಹೇಳುತ್ತಾನೆಯೆ ಎಂದು ನಾನು ಆಗ ಯೋಚಿಸಲಿಲ್ಲ. ನನಗೆ ಅಂದುಕೊಂಡದ್ದು ಸಿಕ್ಕಿತ್ತು. ಏನೂ ಆಡದೆ, ಒಂದು ಬಿದಿರಿನ ಕಡ್ಡಿಗೆ ನೇಲ್ ಪಾಲಿಶ್‌ನಿಂದ ಗುರುತು ಹಾಕಿ ಟಾಕಿಯ ಡೀಸೆಲ್ ಅಳೆಯಲು ಶುರು ಮಾಡಿದೆ.

ರವಿವಾರ ನಮ್ಮೂರ ಸಂತೆ. ಯಜಮಾನರು ಅಂಗಡಿಯಲ್ಲಿ, ನಾನು ಶಿವಕ್ಕ ತರಕಾರಿಗೆ. ಸಂತೆಗೆ ಹೊರಡುವ ಮೊದಲು ಅಳೆದರೆ ಒಂದು ಲೆಕ್ಕ, ಬಂದ ಮೇಲೆ ಅಳೆದರೆ ಒಂದು ಬೆರಳು ಕಡಿಮೆ. ಕರೆಂಟು ಹೋಗಿರುತ್ತಿರಲಿಲ್ಲ. ಮೂರು ರವಿವಾರ ಹೀಗೇ ಆಯಿತು. ಟಾಕಿ ಕುತ್ತಿಗೆವರೆಗೆ ತುಂಬಿಡಿ ಎಂದು ಅವನು ಯಾಕೆ ಜೀವ ತಿನ್ನುತ್ತಾನೆ ಎಂಬುದು ಆಗ ಅರ್ಥವಾಯಿತು ಎಂದುಕೊಂಡೆ. ತುಂಬಿದ್ದರಲ್ಲಿ ಒಂದು ಬೆರಳು ತೆಗೆದರೆ ಯಾರಿಗೆ ಗೊತ್ತಾಗುತ್ತದೆ?

ನಾಲ್ಕನೆಯ ರವಿವಾರ ಸಂತೆಯಲ್ಲಿ ಮಳೆ ಹೊಡೆದು ಬೇಗ ಹಿಂದಿರುಗಿದೆ. ಗೇಟಿನಿಂದಲೇ ಕಾಣಿಸಿತು. ಮಾವನವರು ಮುಂದಿನ ಪಡಸಾಲೆಯಲ್ಲಿ ಕುರ್ಚಿಯ ಮೇಲೆ, ಮಾಯಪ್ಪ ಅವರ ಕಾಲ ಹತ್ತಿರ ಕುಕ್ಕರಗಾಲಿನಲ್ಲಿ. ಇಬ್ಬರ ಬಲಗೈಗಳ ಮೇಲೆ ಮಾವನವರ ಟವೆಲ್. ನನ್ನನ್ನು ಕಂಡವನೇ ಮಾಯಪ್ಪ ಕೈ ಎಳೆದುಕೊಂಡ.

ನಮ್ಮ ಪೇಟೆಯಲ್ಲಿ ಟವೆಲ್ಲಿನ ಕೆಳಗೆ ಕೈ ಹೋಯಿತೆಂದರೆ ಒಂದೇ ಅರ್ಥ. ಮೆಣಸಿನಕಾಯಿ ರಾಶಿಯ ಮುಂದೆ ದಲಾಲರು ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಿದ್ದರು, ಪಕ್ಕದವನಿಗೆ ತಿಳಿಯಬಾರದೆಂದು. ಇಷ್ಟು ಬೆರಳಾದರೆ ಇಷ್ಟು. ಕುರಿ ಸಂತೆಯಲ್ಲೂ ಹಾಗೆಯೇ, ಅಲ್ಲಿ ಕಂಬಳಿಯ ಕೆಳಗೆ. ಇಬ್ಬರಿಗೂ ಆ ಭಾಷೆ ಬರುತ್ತಿತ್ತು. ಕೈಯಲ್ಲಿ ಪಾಟಿ ಇದ್ದೂ ಮಾವನವರು ಬೆರಳಿನಲ್ಲಿ ಮಾತಾಡುತ್ತಾರೆ ಎಂದರೆ ಅದು ನಾನು ಓದಬಾರದ ಮಾತು.

“ಏನ ನಡದಿತ್ತು, ಮಾಂವ?” ಎಂದೆ.

ಪಾಟಿಯ ಮೇಲೆ ಬರೆದರು: “ಏನಿಲ್ಲ.”

ಮಧ್ಯಾಹ್ನ ಊಟಕ್ಕೆ ಬಂದ ಯಜಮಾನರಿಗೆ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ಅವರು ತುತ್ತು ಕೈಯಲ್ಲೇ ಹಿಡಿದು ಕೇಳಿದರು: “ಟವೆಲ್ ಹಾಕಿದ್ರೇನ? ನೀ ಖರೇ ನೋಡೀ?”

“ನೋಡೀನಿ.”

“ಹಂಗಿದ್ರ ವ್ಯಾಪಾರನ ಐತಿ. ಟವೆಲ್ ಹಾಕಿ ಯಾರೂ ಸುಮ್ಮನ ಕೈ ಹಿಡಿಯೂದಿಲ್ಲ. ಅಪ್ಪಾ ಏನ ಮಾರಾಕತ್ತಾರ?”

ಅಡತಿ ಮನೆಯವರ ಬುದ್ಧಿಯೇ ಅಷ್ಟು. ಟವೆಲ್ ಕಂಡರೆ ದರ ಎಂದೇ ತಿಳಿಯುವುದು. ಕಾನ್ವೆಂಟಿನ ನನಗೂ ಅಷ್ಟು ವರ್ಷದಲ್ಲಿ ಅದೇ ಬುದ್ಧಿ ಬಂದಿತ್ತು. ಮಾಯಪ್ಪ ಡೀಸೆಲ್ ಮಾರುತ್ತಾನೆ, ಮಾತು ಬಾರದ ಮುದುಕರನ್ನು ಹೇಗೋ ಒಲಿಸಿಕೊಂಡು ಬಾಯಿ ಮುಚ್ಚಿಸಿದ್ದಾನೆ ಎಂದು ನಾನು. ಹೊಲವನ್ನೇ ಕೇಳುತ್ತಿದ್ದಾನೇನೋ ಎಂದು ಅವರು.

ಮರುದಿನ ಮಾಯಪ್ಪ ಬಂದಾಗ ಚಾರ್ಟನ್ನು ಕಿತ್ತು ತಂದು ಪಡಸಾಲೆಯಲ್ಲೇ ಅವನ ಮುಂದೆ ಹಿಡಿದೆ. ಮಾವನವರು ಕುರ್ಚಿಯಲ್ಲಿದ್ದರು.

“ಇದನ್ನ ನೋಡು. ಏಳ ದಿನಕ್ಕ ಏಳ ಸಲ ಆಯಿಲ್ ಬದಲಿ ಮಾಡೀಯೇನ?”

ಅವನು ಚಾರ್ಟು ನೋಡಿದ. ಆಮೇಲೆ ಮೊದಲ ಸಲ ನನ್ನ ಮುಖ ನೋಡಿದ. “ನೀವ ಹಾಕಂದಲ್ಲಿ ಹಾಕೇನ್ರಿ.”

“ನಾ ಸುಳ್ಳ ಟಿಕ್ ಹಾಕು ಅಂದೆನೇನ? ಹೋಗಲಿ, ರವಿವಾರ ಡೀಸೆಲ್ ಎಲ್ಲಿ ಹೋಗತೈತಿ? ಕರೆಂಟ್ ಹೋಗಿಲ್ಲ, ಡೀಸೆಲ್ ಹೋಗೇತಿ.”

ಅವನು ಮಾವನವರ ಕಡೆ ನೋಡಿದ. ಮಾವನವರು ಬಳಪದಿಂದ ಪಾಟಿಯನ್ನು ಟಕ್ ಟಕ್ ಎಂದು ಬಡಿಯುತ್ತಿದ್ದರು. “ತಡೀರಿ ಮಾಂವ, ಆಮ್ಯಾಲ ನೋಡ್ತೀನಿ,” ಎಂದೆ ತಿರುಗದೆಯೇ. ಮತ್ತೆ ಬಡಿದರು. ನಾನು ನಿಲ್ಲಿಸಲಿಲ್ಲ. “ನಾಳಿಂದ ಬರೂದ ಬ್ಯಾಡ, ಮಾಯಪ್ಪ. ಕೀಲಿ ಕೊಟ್ಟ ಹೋಗು.”

“ಸಾವಕಾರ್ರು ಹೇಳ್ಲಿ.”

“ಸಾವಕಾರ್ರಿಗೆ ಮಾತ ಬರೂದಿಲ್ಲ. ನಾ ಹೇಳಾಕತ್ತೇನಿ.”

ಶೆಡ್ಡಿನ ಕೀಲಿಯನ್ನು ಹೊಸ್ತಿಲ ಮೇಲಿಟ್ಟು ಅವನು ಹೊರಟುಹೋದ. ನಾನು ಒಳಗೆ ಹೋಗಿ ನೀರು ಕುಡಿದು ಬಂದು ನೋಡಿದರೆ ಮಾವನವರು ಪಾಟಿ ಒರೆಸಿ ಮಡಿಲಲ್ಲಿ ಮಗುಚಿ ಇಟ್ಟುಕೊಂಡಿದ್ದರು.

ಅವನ ಜಾಗಕ್ಕೆ ಕೊಲ್ಲಾಪುರದಿಂದ ಒಬ್ಬ ಸರ್ವಿಸ್ ಎಂಜಿನಿಯರನ್ನು ಗೊತ್ತುಮಾಡಿದೆ. ಟೈ ಕಟ್ಟಿಕೊಂಡು, ಚರ್ಮದ ಬ್ಯಾಗು ಹಿಡಿದು ತಿಂಗಳಿಗೊಮ್ಮೆ ಬರುತ್ತಿದ್ದ. ನನ್ನ ಚಾರ್ಟು ನೋಡಿ, “ಎಕ್ಸಲೆಂಟ್ ಮೆಥಡ್, ಮ್ಯಾಡಮ್,” ಎಂದ. ಕ್ಯಾಪಿಟಲ್ ಅಕ್ಷರಗಳಲ್ಲಿ ಅಂದವಾಗಿ ತುಂಬುತ್ತಿದ್ದ. ಬಿಳಿ ಬಟ್ಟೆಯಿಂದ ಇಂಜಿನ್ ಒರೆಸಿ, ಚಹಾ ಕುಡಿದು, ಸೈನ್ ಹಾಕಿ ಹೋಗುತ್ತಿದ್ದ. ಟಾಕಿಯ ಮುಚ್ಚಳ ತೆಗೆದು ನೋಡಿದ್ದು ನನಗೆ ನೆನಪಿಲ್ಲ. ಟಾಕಿಯಲ್ಲಿ ಕಾಲುಭಾಗ ಮಾತ್ರ ಡೀಸೆಲ್ ಇಡುವಂತೆ ನಾನೇ ಮಾಡಿದ್ದೆ, ಯಾರೂ ಕದಿಯದಿರಲೆಂದು. ಉಳಿದದ್ದು ಕ್ಯಾನಿನಲ್ಲಿ, ಕೋಣೆಯಲ್ಲಿ, ಬೀಗದೊಳಗೆ. ಬೀಗದ ಕೈ ನನ್ನ ಸೊಂಟದಲ್ಲಿ.

ಶ್ರಾವಣವಿಡೀ ಮಳೆ. ವಿಚಿತ್ರವೆಂದರೆ ಆ ತಿಂಗಳು ಕರೆಂಟು ಹೋದರೂ ಅರ್ಧ ತಾಸಿನೊಳಗೆ ಬರುತ್ತಿತ್ತು. ಇಂಜಿನ್ ಹಚ್ಚುವ ಪ್ರಸಂಗವೇ ಬರಲಿಲ್ಲ. ಗೋಡೆಗೆ ಬೂಷ್ಟು ಬಂತು, ಉಪ್ಪಿನ ಭರಣಿಯಲ್ಲಿ ನೀರು ನಿಂತಿತು, ಚಪ್ಪಲಿಗೆ ಹಸಿರು ಹತ್ತಿತು. ಹಿತ್ತಲ ಶೆಡ್ಡಿನಲ್ಲಿ ಕಾಲುಭಾಗ ತುಂಬಿದ ಟಾಕಿ ಆ ತೇವದಲ್ಲಿ ಕೂತಿತ್ತು.

ಗಣಪತಿ ಕಳಿಸಿದ ಎರಡನೆಯ ದಿನ ಯಜಮಾನರು ವಸೂಲಿಗೆ ಕೋವಾಡಕ್ಕೆ ಹೋಗಿದ್ದರು. ಬೆಳಿಗ್ಗೆ ಗಾಳಿ ಮಳೆ ಎದ್ದು ಕಂಬಗಳು ಉರುಳಿದವು. ಹೊಳೆ ಏರಿ ದಾರಿ ಮುಳುಗಿತು, ಅವರು ಅಲ್ಲೇ ಉಳಿದರು. ಹನ್ನೊಂದಕ್ಕೆ ಮಾವನವರ ನಳಿಕೆ ಗೊರಗೊರ ಎನ್ನತೊಡಗಿತು. ನಾನು ಅವಸರ ಮಾಡಲಿಲ್ಲ. ಚಾರ್ಟು ಪೂರ್ತಿ ತುಂಬಿತ್ತಲ್ಲ. ಶಿವಕ್ಕನನ್ನು ಕರೆದುಕೊಂಡು ಹೋಗಿ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದೆ. ‘ಹುಸ್, ಹುಸ್’. ಲಿವರ್ ಕೆಡವಿದೆ. ಆ ಏನೂ ಇಲ್ಲದ ಕ್ಷಣ ಬಂತು, ಆದರೆ ಮುಗಿಯಲಿಲ್ಲ. ಮತ್ತೆ ತಿರುಗಿಸಿದೆವು. ಆರು ಸಲ, ಎಂಟು ಸಲ. ಶಿವಕ್ಕನ ಬಳೆ ಒಡೆದು ಕೈಯಲ್ಲಿ ರಕ್ತ ಬಂತು.

ಒಳಗೆ ಓಡಿ ಬಂದು ದೊಡ್ಡ ಗಾಜಿನ ಸಿರಿಂಜಿಗೆ ರಬ್ಬರು ನಳಿಗೆ ಸಿಕ್ಕಿಸಿ ಎಳೆದೆ. ಸ್ವಲ್ಪ ಬಂತು. ಆಳದ್ದು ಬರಲಿಲ್ಲ. ಮಾವನವರ ತುಟಿಗಳ ಬಣ್ಣ ಬದಲಾಗುತ್ತಿತ್ತು. “ಮಾಯಪ್ಪನ್ನ ಕರೀರಿ ಅಕ್ಕಾರ,” ಎಂದಳು ಶಿವಕ್ಕ. ಅವನ ವಸ್ತಿ ಹೊಳೆಯ ಆಚೆ. ಅದು ಅವಳಿಗೂ ಗೊತ್ತಿತ್ತು.

ಆಗ ಮಾವನವರು ಎದ್ದರು. ಗೋಡೆ ಹಿಡಿದು, ನಡುಮನೆ ದಾಟಿ, ಹಿತ್ತಲ ಬಾಗಿಲವರೆಗೆ ಬಂದು ಹೊಸ್ತಿಲ ಮೇಲೆ ಕೂತು ಪಾಟಿ ಕೇಳಿದರು. ಬರೆದರು: “ಅಡಿ ಸ್ಕ್ರೂ. ನೀರ ಐತಿ.”

ಸ್ಪ್ಯಾನರ್ ಹಾಕಿ ಬಿಚ್ಚಿದೆ. ಟಾಕಿಯಿಂದ ಡೀಸೆಲ್ ಬರಲಿಲ್ಲ. ನೀರು ಬಂತು. ಕುಡಿಯುವ ನೀರಿನಂಥ ತಿಳಿ ನೀರು, ಅದರ ಹಿಂದೆ ರಾಡಿ, ಅದರ ಹಿಂದೆ ಡೀಸೆಲ್. ಖಾಲಿ ಟಾಕಿಯ ಒಳಗೋಡೆಯಲ್ಲಿ ತಿಂಗಳಿಡೀ ಬೆವರಿ ಇಳಿದ ನೀರು. ತುಂಬಿದ ಟಾಕಿ ಬೆವರುವುದಿಲ್ಲ. ಸೊಂಟದ ಬೀಗದ ಕೈ ತೆಗೆದು ಕ್ಯಾನು ತಂದು ಕುತ್ತಿಗೆವರೆಗೆ ಹೊಯ್ದೆ.

ತಿರುಗಿಸಿದರೆ ಆಗಲೂ ಇಲ್ಲ. ಮಾವನವರು ಎದೆಯನ್ನು ಎತ್ತಿ ಎತ್ತಿ ಉಸಿರು ಎಳೆಯುತ್ತಿದ್ದರು. ಪಾಟಿ: “ಪಂಪಿನ ಮ್ಯಾಲಿಂದು ಸಡಲ ಮಾಡು. ಗುಳ್ಳಿ ನಿಲ್ಲೂ ತನಕ.” ಸಡಿಲ ಮಾಡಿದೆ. ಡೀಸೆಲ್ ಗುಳ್ಳೆ ಗುಳ್ಳೆಯಾಗಿ ಉಕ್ಕಿತು, ನನ್ನ ಸೀರೆಯ ಮೇಲೆಲ್ಲ. ಗುಳ್ಳೆ ನಿಂತ ಮೇಲೆ ಬಿಗಿ ಮಾಡಿದೆ. ಶಿವಕ್ಕ, ನಾನು ಇಬ್ಬರೂ ಒಂದೇ ಹ್ಯಾಂಡಲ್ ಹಿಡಿದೆವು. ಮಾವನವರು ಕೈ ಎತ್ತಿ ಹಿಡಿದಿದ್ದರು. ಇನ್ನೂ ಜೋರು, ಇನ್ನೂ ಜೋರು ಎಂದು ಬೆರಳಾಡಿಸಿ, ಒಮ್ಮೆಲೇ ಕೈ ಕೆಳಗೆ ಬಿಟ್ಟರು. ಲಿವರ್ ಕೆಡವಿದೆ. ‘ಡುಗ್.’

ಸಕ್ಷನ್ ಮಷೀನು ಶುರುವಾದಾಗ ನಳಿಗೆಯಲ್ಲಿ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಅವರ ತುಟಿಗೆ ಬಣ್ಣ ಬಂತು. ಅಷ್ಟು ಸಾಕು.

ಸಂಜೆ ಅವರಿಗೆ ಗಂಜಿ ಕುಡಿಸಿ ಕೇಳಿದೆ: “ಇದೆಲ್ಲಾ ನಿಮಗ ಹೆಂಗ ಗೊತ್ತು, ಮಾಂವ?”

ಬಹಳ ಹೊತ್ತು ಬರೆದರು, ಒರೆಸಿದರು, ಬರೆದರು. ಪ್ರತಿ ರವಿವಾರ ನಾನು ಸಂತೆಗೆ ಹೋದ ಮೇಲೆ ಮಾಯಪ್ಪ ಬರುತ್ತಿದ್ದ. ಅವರು ಹೇಳಿಯೇ ಬರುತ್ತಿದ್ದ. ಗಾಳಿ ನೋಡಿ, ಹೊಗೆ ಒಳಗೆ ಬಾರದಂತೆ ಹಿಂದಿನ ಕಿಟಕಿ ಮುಚ್ಚಿ ಅರ್ಧ ತಾಸು ಇಂಜಿನ್ ಓಡಿಸುತ್ತಿದ್ದ. ಮಾವನವರು ಹಿತ್ತಲ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ಆಮೇಲೆ ಮುಂದೆ ಬಂದು, ಎಷ್ಟು ಹೊತ್ತು ಓಡಿಸಿದೆ, ಇನ್ನೆಷ್ಟು ತಾಸಿಗೆ ಆಯಿಲ್ ಬದಲಿಸಬೇಕು ಎಂದು ಕೇಳುತ್ತಿದ್ದರು. ಕೇಳುವುದು ಬೆರಳಿನಲ್ಲಿ, ಹೇಳುವುದೂ ಬೆರಳಿನಲ್ಲಿ.

“ಪಾಟಿ ಇತ್ತಲ್ಲ. ಟವೆಲ್ ಯಾಕ?”

“ಅವಗ ಅಂಕಿ ಬರತಾವ. ಅಕ್ಷರ ಬರೂದಿಲ್ಲ.”

ಅಡುಗೆಮನೆಯಲ್ಲಿ ಶಿವಕ್ಕ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ನಾನು ಶೆಡ್ಡಿನ ಬಾಗಿಲಿಗೆ ಅಂಟಿಸಿದ ಚಾರ್ಟು, ದಾರಕ್ಕೆ ಕಟ್ಟಿದ ಪೆನ್ಸಿಲು, ಕನ್ನಡದ ಒಂದು ಸಾಲು, ಇಂಗ್ಲಿಷಿನ ಒಂದು ಸಾಲು. ಹಾಕಬೇಕಾದಲ್ಲಿ ಎಲ್ಲಿ ಬಿಟ್ಟುಹೋದೀತೋ ಎಂದು ಮಾಯಪ್ಪ ಚಾರ್ಟಿನ ಎಲ್ಲ ಚೌಕಕ್ಕೂ ಟಿಕ್ ಹಾಕಿದ್ದ.

“ಅವತ್ತ ನನಗ ಬರದ ತೋರಿಸಬಾರದಿತ್ತೇನ, ಮಾಂವ?”

“ಬರದೆ,” ಎಂದು ಬರೆದರು. ಅದರ ಕೆಳಗೆ, “ಎರಡ ಸಲ.”

ಮಾವನವರು ಆಮೇಲೆ ಇನ್ನೂ ಎರಡು ಮಳೆಗಾಲ ಕಂಡು, ಒಂದು ಬೇಸಿಗೆಯಲ್ಲಿ, ಕರೆಂಟು ಇದ್ದಾಗಲೇ, ನಿದ್ದೆಯಲ್ಲಿ ಹೋದರು. ಅಷ್ಟು ದಿನವೂ ರವಿವಾರ ಇಂಜಿನ್ ಓಡಿಸಿದವಳು ನಾನು. ಟೈ ಕಟ್ಟಿದವನನ್ನು ಆ ತಿಂಗಳೇ ಬಿಡಿಸಿದ್ದೆ. ಆದರೆ ಇಂಜಿನ್ ಒಳಗಿನದು ನನಗೇನು ತಿಳಿಯುತ್ತದೆ? ಓಡುವ ಸದ್ದಿನಲ್ಲಿ ಏನೋ ಬದಲಾಗಿದೆ ಎನಿಸಿದರೆ ರಾತ್ರಿಯೆಲ್ಲ ನಿದ್ದೆ ಬರುತ್ತಿರಲಿಲ್ಲ. ಅವರ ಉಸಿರು ನನ್ನ ಕೈಯಲ್ಲಿತ್ತು, ನನ್ನ ಕೈಗೆ ಅದು ಒಗ್ಗಿರಲಿಲ್ಲ. ಮಾಯಪ್ಪ ಬೇಕಿತ್ತು.

ಆ ಮಳೆಗಾಲವೇ, ಹೊಳೆಯ ನೀರು ಇಳಿದ ಮೇಲೆ ಅವನ ವಸ್ತಿಗೆ ಹೋಗಿದ್ದೆ. ಗುಡಿಸಲ ಮುಂದೆ ಅವನ ತಾಯಿ ಉಣ್ಣೆ ಹಿಂಜುತ್ತ ಕೂತಿದ್ದಳು. ನನ್ನ ಗುರುತು ಅವಳಿಗಿರಲಿಲ್ಲ. “ಮಾಯಪ್ಪನಾ? ಇಚಲಕರಂಜಿಗೆ ಹೋಗ್ಯಾನವಾ. ಮಗ್ಗದ ಶೆಡ್ಡಿನ್ಯಾಗ ಇಂಜಿನ್ ನೋಡ್ತಾನ. ಇಲ್ಲಿ ಪ್ಯಾಟ್ಯಾಗ ಒಬ್ಬಾಕಿ ಭಾಳ ಶಾಣ್ಯಾಕಿ ಅದಾಳಂತ, ಇಂಗ್ರೇಜಿ ಕಲತಾಕಿ. ಆಕಿ ಕಳ್ಳ ಅಂದ್ಳಂತ. ಕಳ್ಳ ಅನಿಸಿಕೊಂಡ ಊರಾಗ ಯಾರ ಇಂಜಿನ್ ಮುಟ್ಟಗೊಡ್ತಾರ? ನೀ ಯಾರಾಕಿ ಅವಾ?”

ಕಳ್ಳ ಎಂಬ ಮಾತು ನಾನು ಆಡಿರಲಿಲ್ಲ. ಆಡಿರಲಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ನಾನು ಯಾರೆಂದು ಅವಳಿಗೆ ಹೇಳಲಿಲ್ಲ.

ಅದೇ ವರ್ಷ ದೀಪಾವಳಿ ಮುಗಿದ ಮೇಲೆ ಒಬ್ಬಳೇ ಬಸ್ಸು ಹತ್ತಿ ಇಚಲಕರಂಜಿಗೆ ಹೋದೆ. ಓಣಿ ಓಣಿಯಲ್ಲೂ ಮಗ್ಗದ ಸದ್ದು, ನೆಲವೇ ನಡುಗುತ್ತಿತ್ತು. ಕೇಳುತ್ತ ಕೇಳುತ್ತ ಒಂದು ಶೆಡ್ಡಿನ ಹಿಂದೆ ಅವನನ್ನು ಕಂಡೆ. ನಮ್ಮದರ ಮೂರರಷ್ಟು ದೊಡ್ಡ ಇಂಜಿನ್. ಅದರ ಮೈಗೆ ಸ್ಕ್ರೂಡ್ರೈವರ್ ಆನಿಸಿ ಕಿವಿಗೊತ್ತಿ ನಿಂತಿದ್ದ. ನನ್ನನ್ನು ನೋಡಿ ಕೈ ಒರೆಸಿಕೊಂಡು, ಸದ್ದು ಕಡಿಮೆ ಇದ್ದ ಗೇಟಿನ ಹತ್ತಿರ ಕರೆದುಕೊಂಡು ಬಂದ.

“ಸಾವಕಾರ್ರು ಹೆಂಗ ಅದಾರ್ರಿ?” ಎಂಬುದೇ ಅವನ ಮೊದಲ ಮಾತು.

ಆದದ್ದನ್ನೆಲ್ಲ ಹೇಳಿದೆ. ನೀರು ಬಂದದ್ದು ಹೇಳಿದಾಗ ತಲೆಯಾಡಿಸಿದ, ಆಶ್ಚರ್ಯಪಡಲಿಲ್ಲ. “ತಪ್ಪಾತು, ಮಾಯಪ್ಪ. ತಿರುಗಿ ಬಾ,” ಎಂದೆ. “ಓದಾಕ ಬರೂದಿಲ್ಲ ಅಂತ ನನಗ ಒಂದ ಮಾತ ಹೇಳಿದ್ರ ಏನಾಗತಿತ್ತು?”

“ನೀವು ಅಷ್ಟ ಚಂದ ಗೆರಿ ಹೊಡದ ಬರದಿದ್ರಿ. ಬರೂದಿಲ್ಲ ಅಂದ್ರ ಕೆಲಸಾ ಬಿಡಸ್ತೀರಿ ಅಂತ ಹೆದರಿಕಿ ಆತ್ರಿ.” ಗೋಡೆ ನೋಡುತ್ತ ಸ್ವಲ್ಪ ನಕ್ಕ. “ಹೆಂಗೂ ಬಿಡಿಸಿದ್ರಿ.”

ಬರುವುದಿಲ್ಲ ಎಂದ. ಸಿಟ್ಟಿನಿಂದಲ್ಲ. ಮಾಲೀಕರು ಕಾಯಂ ಮಾಡಿಕೊಳ್ಳುತ್ತೇನೆ ಎಂದಿದ್ದಾರೆ, ಕಾಗದ ಕೊಟ್ಟಿದ್ದಾರೆ, ನಾಳೆ ಹೆಬ್ಬೆಟ್ಟು ಒತ್ತಬೇಕು ಎಂದ. ಆಮೇಲೆ ಅಂಗಿಯ ಒಳಗಿನಿಂದ ಮಡಿಚಿದ ಆ ಕಾಗದ ತೆಗೆದು ನನ್ನ ಕೈಗೆ ಕೊಟ್ಟ. “ಮರಾಠಿ ಐತ್ರಿ. ನಿಮಗ ಬರತೈತಿ. ಓದಿ ಹೇಳ್ರಿ.”

ನೀಲಿ ಇಂಕಿನಲ್ಲಿ ಟೈಪ್ ಮಾಡಿದ ಆರು ಕಲಮುಗಳು. ಮೊದಲನೆಯದರಿಂದ ಕನ್ನಡದಲ್ಲಿ ಹೇಳುತ್ತ ಹೋದೆ. ಕೆಲಸದ ವೇಳೆ. ವಾರದ ರಜೆ. ದೀಪಾವಳಿಗೆ ಬಟ್ಟೆ. ಶೆಡ್ಡಿನ ಹತ್ಯಾರ ಹೊರಗೆ ಕೊಡಬಾರದು. ಐದನೆಯದು: ಡೀಸೆಲ್ ಅಥವಾ ಆಯಿಲ್ ಕಡಿಮೆ ಬಿದ್ದರೆ ಇಂಜಿನ್ ಡ್ರೈವರನೇ ಜವಾಬ್ದಾರ, ವಿಚಾರಿಸದೆ ಕೆಲಸದಿಂದ ತೆಗೆಯಲಾಗುವುದು.

ಆ ಸಾಲು ನನ್ನ ಬಾಯಿಗೆ ಬರಲಿಲ್ಲ. ಅವನ ಎದುರಿಗೆ ನಿಂತು, ನಾನು, ಆ ಮಾತನ್ನು ಇನ್ನೊಂದು ಸಲ ಹೇಗೆ ಹೇಳಲಿ? ನಾಲ್ಕರಿಂದ ಆರಕ್ಕೆ ಹೋದೆ. ವರ್ಷ ತುಂಬಿದ ಮೇಲೆ ಕಾಯಂ.

“ಇಷ್ಟ ಏನ್ರಿ?”

“ಇಷ್ಟ.”

ಅವನು ಕಾಗದ ತೆಗೆದುಕೊಂಡು ಸಾಲುಗಳ ಮುಂದಿನ ಅಂಕಿಗಳ ಮೇಲೆ ಹೆಬ್ಬೆರಳು ಆಡಿಸಿದ, ಮೇಲಿನಿಂದ ಕೆಳಗೆ. ಅಂಕಿ ಆರು ಇದ್ದವು, ನಾನು ಹೇಳಿದ್ದು ಐದು. “ಸಾವಕಾರ್ರಿಗೆ ಶರಣ ಅಂದೆ ಅಂತ ಹೇಳ್ರಿ,” ಎಂದ.

ಸ್ಟ್ಯಾಂಡಿಗೆ ಹೋಗಲು ಟಾಂಗಾ ಹತ್ತಿದೆ. ಓಣಿ ತಿರುಗುವಲ್ಲಿ ಹಿಂದೆ ನೋಡಿದೆ. ಮಾಯಪ್ಪ ರಸ್ತೆ ದಾಟಿ ಎದುರಿನ ಪಾನ್ ಅಂಗಡಿಯ ಮುಂದೆ ನಿಂತಿದ್ದ. ಅಂಗಡಿಯವನು ಕನ್ನಡಕ ಏರಿಸಿಕೊಂಡು ಅದೇ ಕಾಗದ ಓದುತ್ತಿದ್ದ. ಅವನ ಬೆರಳು ಕಾಗದದ ಕೆಳಭಾಗದಲ್ಲಿ ಒಂದು ಕಡೆ ನಿಂತಿತ್ತು. ಮಾಯಪ್ಪ ತಲೆ ಬಗ್ಗಿಸಿ ಕೇಳುತ್ತಿದ್ದ.